ಬೇಕೆಂದೇ ತಪ್ಪು ಹೇಳಿದ ಪರೀಕ್ಷೆ

ಡೆಮೊಪೊಲಿಸ್, ಅಲಬಾಮಾ

ಮಗನಂಥ ಟೆರಿಯಸ್‌ಗೆ,

ದೇವರು ನಿನ್ನನ್ನು ಕಾಯಲಿ. ಮೈಗೆ ಮೈ ಗುದ್ದಿ ಆಡುವ ನಿಮ್ಮ ಫುಟ್‌ಬಾಲ್‌ನಲ್ಲಿ ತಲೆಗೆ ಪೆಟ್ಟಾದವನನ್ನು ಪರೀಕ್ಷೆ ಮಾಡದೆ ಮತ್ತೆ ಆಡಿಸಬಾರದೆಂಬ ನಿಯಮ ಬಂದ ವರ್ಷ, ಒಂದೇ ತಂಡದಲ್ಲಿದ್ದ ನೀನೂ ನನ್ನ ಮಗ ಕಾರ್ಡೆಲ್ಲನೂ ನಮ್ಮ ಮನೆಯಲ್ಲಿ ಹುರಿದ ಕೋಳಿ ತಿನ್ನುತ್ತಾ ನಕ್ಕಿದ್ದು ನೆನಪಿದೆಯಾ? ಆಟದ ಕಾಲಕ್ಕೆ ಮುಂಚೆ ನಡೆಸುವ ನೆನಪಿನ ಪರೀಕ್ಷೆಯಲ್ಲಿ ಬೇಕೆಂದೇ ತಪ್ಪು ಹೇಳಿದರೆ, ಪೆಟ್ಟು ಬಿದ್ದ ಮೇಲೂ ಅಂಕ ಇಳಿದಂತೆ ಕಾಣುವುದಿಲ್ಲ, ಯಾರೂ ಹೊರಗೆ ಕೂರಿಸುವುದಿಲ್ಲ ಎಂದು ಅವನಿಗೆ ಹೇಳಿಕೊಟ್ಟವನು ನೀನು. "ಇವನೇನೂ ನಟಿಸಬೇಕಿಲ್ಲ ಬಿಡಮ್ಮಾ, ಹುಟ್ಟಾ ದಡ್ಡ!" ಅಂದೆ. ಅವನು ನಿನ್ನ ಮೇಲೆ ಮೂಳೆ ಎಸೆದ.

ಈಗ ಅವನಿಗೆ ಚಮಚ ಹಿಡಿಯಲೂ ತಿಳಿಯುವುದಿಲ್ಲ. ತಂಡದ ಖರ್ಚಿನಲ್ಲಿ ಚಿಕಿತ್ಸೆ ಕೊಡಿಸಿ ಎಂದು ಕೇಳಲು ಹೋದರೆ, ತಂಡದ ಡಾಕ್ಟರು ಆ ಹಳೇ ಅಂಕ ತೋರಿಸಿ, "ನಿಮ್ಮ ಮಗ ಮೊದಲಿಂದಲೂ ಹೀಗೇ ಇದ್ದನಲ್ಲಮ್ಮಾ, ಆಟದಿಂದ ಏನೂ ಹೋಗಿಲ್ಲ" ಅಂದರು. ಪಕ್ಕದಲ್ಲೇ ಕೂತಿದ್ದ ಕಾರ್ಡೆಲ್ ಹೌದೆಂದು ತಲೆಯಾಡಿಸಿದ.

ತಾಯಿಯ ಮಾತನ್ನು ಅವರು ನಂಬುವುದಿಲ್ಲ. ನೀನು ಬಂದು ನಿಜ ಹೇಳು ಎಂದು ಫೋನಿನಲ್ಲಿ ಬೇಡಿಕೊಂಡೆ. "ನಾನು ಬಾಯಿ ಬಿಟ್ರೆ ನನ್ನನ್ನೂ ತಂಡದಿಂದ ತೆಗೆದುಹಾಕ್ತಾರಮ್ಮಾ. ಅವನದು ಹೇಗೂ ಮುಗೀತಲ್ಲ" ಅಂದೆ. ಅವನೂ ಕೇಳಿಸಿಕೊಂಡ. ನಿನ್ನ ದನಿಗೆ ಖುಷಿಯಾಗಿ ನಕ್ಕ.

ಇನ್ನು ಬಾ ಅನ್ನುವುದಿಲ್ಲ. ಆದರೆ ಈ ವರ್ಷದ ಪರೀಕ್ಷೆಯಲ್ಲಿ ನೀನು ಎಲ್ಲಕ್ಕೂ ಸರಿಯಾದ ಉತ್ತರವನ್ನೇ ಹೇಳು. ನಿನ್ನ ತಾಯಿ ತೀರಿಕೊಂಡಿದ್ದಾಳೆ, ನಿನಗೆ ತಿನ್ನಿಸುವವರು ಯಾರೂ ಇಲ್ಲ. ನನ್ನ ಕೈಗೆ ಇವನೊಬ್ಬನೇ ಸಾಕು.

ನಿನಗಾಗಿ ಪ್ರಾರ್ಥಿಸುವುದನ್ನು ಇನ್ನೂ ಬಿಡದ,
ವರ್ಲೀನ್ ಟಗಲ್