ಫ್ಲಾಸ್ಕಿನ ನೀರು ಮುಗಿಯುವವರೆಗೆ

ಪಾಸೊ ದೆಲ್ ಸೌಸೆ, ತಾಕ್ವಾರೆಂಬೊ
ಗುರುವಾರ, 14 ಆಗಸ್ಟ್ 2014

ಮಗಳೇ ಮಾರಿಸೆಲ್,

ನಿನ್ನ ಬೆನ್ನುನೋವು ಹೇಗಿದೆ? ಆಸ್ಪತ್ರೆಯ ಅಡುಗೆಮನೆಯಲ್ಲಿ ಆ ದೊಡ್ಡ ಹಂಡೆಗಳನ್ನು ಒಬ್ಬಳೇ ಎತ್ತಬೇಡ. ಪಕ್ಕದವರನ್ನು ಕರೆದರೆ ಮಾನವೇನೂ ಹೋಗುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ. ಕರಿ ಕುರಿ ಅವಳಿ ಮರಿ ಹಾಕಿದೆ.

ನಿನ್ನ ಮಾವ ಒಲೆಗಾರಿಯೊ ನಿನ್ನೆ ಮಧ್ಯಾಹ್ನ ಹೇಳದೆ ಕೇಳದೆ ಬಂದರು. ಮೊಮ್ಮಗಳು ಯಮಿಲಾಳನ್ನು ಸಂಜೆಯ ಬಸ್ಸಿಗೇ ನೀನಿರುವ ಮಾಂಟೆವಿಡಿಯೊಗೆ ಕರೆದೊಯ್ದು ಅಲ್ಲಿಯ ಶಾಲೆಗೆ ಹಾಕುತ್ತಾರಂತೆ, ನೀನು ಒಪ್ಪಿದ್ದೀಯಂತೆ. ಫೋನು ಮಾಡಿದರೆ ನೀನು ಪಾಳಿಯಲ್ಲಿದ್ದೆ. ಬಾಗಿಲಿಗೆ ಬಂದ ಬೀಗರನ್ನು ನಿಂತ ಕಾಲಲ್ಲೇ ಕಳಿಸುವ ಮನೆ ನಮ್ಮದಲ್ಲ. ಕೂರಿಸಿ, ಸೋರೆಬುರುಡೆಗೆ ಎಲೆಪುಡಿ ತುಂಬಿ ಫ್ಲಾಸ್ಕಿನ ಬಿಸಿನೀರು ಹಾಕಿ ಮಾಟೆ ಮಾಡಿದೆ.

ನಿನ್ನ ಮಗಳು ನಮ್ಮ ಕಾಲಬುಡದಲ್ಲೇ ಕುಳಿತು ಶಾಲೆಯ ಕೆಲಸ ಮಾಡುತ್ತಿದ್ದಳು. ಗ್ರಿಸೆಲ್ ಟೀಚರ್ ಎರಡನೇ ತರಗತಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದಾಳೆ, ಗೊತ್ತಲ್ಲ. ಪರದೆಯ ಮೇಲಿನ ಆಮೆಗೆ ಅಪ್ಪಣೆಗಳನ್ನು ಜೋಡಿಸಿ ನಡೆಸಬೇಕು. ಯಾವಾಗ ನಿಲ್ಲಬೇಕೆಂದು ಹೇಳದಿದ್ದರೆ ಅದು ಸುತ್ತುತ್ತಲೇ ಇರುತ್ತದೆ. "ಏಳು ವರ್ಷದ ಮಕ್ಳಿಗೆ ಮಗ್ಗಿ ಬಿಟ್ಟು ಇದೇನಮ್ಮಾ?" ಎಂದು ನಾನೇ ಅವಳನ್ನು ದಬಾಯಿಸಿದ್ದೆ. ಮನೆಯಲ್ಲಿ ಮತ್ತೆ ಮತ್ತೆ ನಡೆಯುವ ಒಂದು ಕೆಲಸವನ್ನೂ ಅದನ್ನು ನಿಲ್ಲಿಸುವುದು ಯಾವುದೆಂಬುದನ್ನೂ ಬರೆದು ತರಲು ಈ ವಾರ ಹೇಳಿದ್ದಳು.

ಹುಡುಗಿ ನಮ್ಮನ್ನೇ ಬರೆದಳು, ಗಟ್ಟಿಯಾಗಿ ಓದಿದಳು: "ಅಜ್ಜಿ ನೀರು ಹಾಕ್ತಾಳೆ. ತಾತಂಗೆ ಕೊಡ್ತಾಳೆ. ತಾತ ಹೀರಿ ವಾಪಸ್ ಕೊಡ್ತಾನೆ. ಅಜ್ಜಿ ಕುಡೀತಾಳೆ. ಮತ್ತೆ ಮೊದಲಿಂದ. ತಾತ 'ಉಪಕಾರವಾಯ್ತು' ಅಂದ್ರೆ ನಿಲ್ಲುತ್ತೆ. ಇಲ್ಲಾ, ಫ್ಲಾಸ್ಕ್ ಖಾಲಿಯಾದ್ರೆ ನಿಲ್ಲುತ್ತೆ."

ಬೀಗರು ನಕ್ಕರು. "ಮಾಟೆ ಕುಡಿಯೋಕೂ ಪಾಠ! ಇದಕ್ಕೇ ಹೇಳೋದು, ಈ ಕುರಿಹಟ್ಟೀಲಿ ಮಗು ಹಾಳಾಗ್ತಿದೆ ಅಂತ."

"ನಿಮ್ಮ ಮೈಮೇಲಿರೋ ಉಣ್ಣೆ ಯಾವ ಹಟ್ಟೀದು ಬೀಗರೇ?" ಎಂದೆ.

ಆಮೇಲೆ ಮಾಟೆ ಮಾತ್ರ ಕೈಯಿಂದ ಕೈಗೆ ಓಡಾಡಿತು. ನನ್ನ ಬಾಯಿಂದ ಹೂಂ ಬರುವ ಮೊದಲು ಉಪಕಾರವಾಯ್ತು ಎಂದರೆ ಸೋತಂತೆ ಎಂದು ಅವರು. ಕೊಡುವುದನ್ನು ನಿಲ್ಲಿಸಿದರೆ ಹೊರಡಿ ಎಂದಂತೆ, ಮಗುವನ್ನೂ ಕಳಿಸಿದಂತೆ ಎಂದು ನಾನು. ಎಲೆ ಸಪ್ಪೆಯಾಗಿ ಬಹಳ ಹೊತ್ತಾಗಿತ್ತು. ಆದರೂ ಹಾಕಿದೆ, ಅವರೂ ಮುಖ ಗಂಟಿಕ್ಕಿ ಹೀರಿದರು. ಫ್ಲಾಸ್ಕು ಕೈಯಲ್ಲಿ ಹಗುರಾಗುತ್ತಿತ್ತು. ಅದನ್ನು ಅವರೂ ಕಂಡರು. "ಇನ್ನೊಂದು ಸುತ್ತು, ಅಷ್ಟೆ. ನೀರು ಮುಗಿದ ಕೂಡ್ಲೇ ಹೊರಡೋಣ ಪುಟ್ಟಿ. ಹೋಗು, ಚೀಲ ತಗೊಂಬಾ."

ಯಮಿಲಾ ಎದ್ದು ಫ್ಲಾಸ್ಕನ್ನೇ ಎತ್ತಿಕೊಂಡು ಒಳಗೆ ಹೋದಳು. ತೊಳೆದಿಡಲು ಒಯ್ದಳು, ಹೊರಡುವ ಮನಸ್ಸೇ ಇರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬಂದು ನನ್ನ ಪಕ್ಕದಲ್ಲಿಟ್ಟಳು. ತುಂಬಿತ್ತು. ಚೀಲ ತಂದಿರಲಿಲ್ಲ. ನಾನು ಕೂಡಲೇ ನೀರು ಹಾಕಿ ಬೀಗರ ಕೈಗಿತ್ತೆ. ಅಷ್ಟರಲ್ಲಿ ಹೆದ್ದಾರಿಯಲ್ಲಿ ಬಸ್ಸು ಹಾರನ್ ಹೊಡೆಯಿತು. ಮರ್ಯಾದೆ ಬಲ್ಲ ಗಂಡಸು ತುಂಬಿದ ಮಾಟೆಯನ್ನು ಕೆಳಗಿಟ್ಟು ಓಡಲಾರ. ಬಸ್ಸು ಹೋಯಿತು.

"ಯಾರೇ ಹೇಳಿಕೊಟ್ಟಿದ್ದು ನಿಂಗೆ?" ಎಂದು ಗದರಿದರು.

"ಟೀಚರ್," ಎಂದಳು ನಿನ್ನ ಮಗಳು, ಕಣ್ಣು ತಗ್ಗಿಸದೆ.

ರಾತ್ರಿ ಇಲ್ಲೇ ಉಳಿದ ಬೀಗರು, ಮಗುವಿಗೆ ಬರುವ ಮನಸ್ಸಿಲ್ಲವೆಂದು ಕಂಡು, ಈಗ ಬೆಳಗಿನ ಬಸ್ಸಿಗೆ ಒಬ್ಬರೇ ಹೊರಟಿದ್ದಾರೆ. ಈ ಪತ್ರವನ್ನು ಅವರ ಕೈಯಲ್ಲೇ ಕೊಡುತ್ತಿದ್ದೇನೆ. ಒಡೆದು ಓದುವ ಜನ ಅವರಲ್ಲ, ಅಷ್ಟು ಒಪ್ಪುತ್ತೇನೆ. ದೇವಮಾತೆ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಾಯಿ,
ಎರ್ಮೆಲಿಂದಾ

ಮರೆತಿದ್ದೆ: ಅವಳ ಮುಂಗೈ ಸುಟ್ಟಿದೆ. ಒಲೆಯ ಮೇಲಿನ ಕೆಟಲ್ ಅವಳಿಗೆ ಎತ್ತಲಾಗದಷ್ಟು ಭಾರ. ತಾತನ ಎದುರು ಅಂಗಿಯ ತೋಳು ಎಳೆದು ಮುಚ್ಚಿಕೊಂಡಿದ್ದಳು, ಇಂದು ಬೆಳಿಗ್ಗೆ ಅಂಗಿ ತೊಡಿಸುವಾಗ ಕಂಡೆ. ಮುಲಾಮು ಹಚ್ಚಿದ್ದೇನೆ, ಭಯವಿಲ್ಲ. ನೀನು ಒಪ್ಪಿದ್ದು ನಿಜವಾದರೆ ಯಾರನ್ನೂ ಕಳಿಸಬೇಡ. ನೀನೇ ಬಾ, ಮೊದಲು ಆ ಕೈ ನೋಡು, ಆಮೇಲೆ ಅವಳನ್ನು ಕೇಳು.