ನಮ್ಮ ಬೂತಿನ ಒಂದು ಓಟು

ಹೊಳೆಬದಿ ಮನೆ, ಶುಕ್ರವಾರ

ಮುಂಡಪ್ಪಣ್ಣನವರಿಗೆ ಸಫಿಯಮ್ಮನ ಸಲಾಂ.

ನಮ್ಮ ಪುರಸಭೆಯ ಚರಿತ್ರೆಯನ್ನು ನೀವು ಬರೆಯುತ್ತಿದ್ದೀರೆಂದು ಮಗಳು ಸಜ್ನಾ ಹೇಳಿದಳು. ಇದರೊಟ್ಟಿಗೆ ಒಂದು ಫೋಟೋ ಉಂಟು. ಪಂಚಾಯಿತಿ ಪುರಸಭೆಯಾಗಬೇಕೆಂದು ನೀವೂ ನಮ್ಮ ಯಜಮಾನರೂ ಮನೆಮನೆ ಸುತ್ತಿ ಸಹಿ ಹಾಕಿಸಿದ ವರ್ಷ ವಿಟ್ಲದ ಸ್ಟುಡಿಯೋದಲ್ಲಿ ತೆಗೆಸಿದ್ದು. ಕತ್ತರಿಸದೆ ಹಾಕಿ. ಇಬ್ಬರೂ ಇರಲಿ.

ಮೊದಲ ಚುನಾವಣೆಗೆ ಪಕ್ಷದವರು ನಿಮ್ಮಿಬ್ಬರನ್ನೇ ಎದುರುಬದುರು ನಿಲ್ಲಿಸಿದರು. ಓಟು ಸಮಸಮ ಬಂತು. ಚೀಟಿ ಎತ್ತಿದಾಗ ನಿಮ್ಮ ಹೆಸರು ಬಂತು. ನಮ್ಮ ಕೇರಿಯ ಬೂತಿನಲ್ಲಿ ನಿಮಗೆ ಬಿದ್ದದ್ದು ಒಂದೇ ಓಟು. ಯಾರನ್ನೋ ಒಳಗಿಂದೊಳಗೆ ಹಿಡಿದು ನೀವು ಅದನ್ನು ಹಾಕಿಸಿಕೊಂಡಿರೆಂದು ಇವರು ನಂಬಿದರು. ಆಮೇಲೆ ಹದಿನಾಲ್ಕು ವರ್ಷ ನಿಮ್ಮೊಡನೆ ಮಾತಾಡಲಿಲ್ಲ.

ಆ ಓಟು ನನ್ನದು ಮುಂಡಪ್ಪಣ್ಣ.

ಇವರು ನೂರು ಓಟಿನಿಂದ ಗೆಲ್ಲುತ್ತಾರೆಂದು ಊರೇ ಹೇಳುತ್ತಿತ್ತು. ಅಷ್ಟು ವರ್ಷ ನಮ್ಮಲ್ಲಿ ಪತ್ತಿರಿ ತಿಂದ ಮನುಷ್ಯನಿಗೆ ನಮ್ಮ ಬೂತಿನಲ್ಲಿ ಸೊನ್ನೆ ಬರಬಾರದೆಂದು ನಿಮ್ಮ ಚಿಹ್ನೆಗೆ ಒತ್ತಿದೆ.

ಹೇಳಲು ಎಷ್ಟೋ ಸಲ ಬಾಯಿ ತೆರೆದೆ. ಕಳೆದ ತಿಂಗಳು ಆಸ್ಪತ್ರೆಯಲ್ಲಿ, ತೀರಿಕೊಳ್ಳುವ ದಿನವೂ ಕೇಳಿದರು: "ಆ ಒಂದು ಓಟು ಯಾರದ್ದಾಗಿರಬಹುದು ಸಫಿಯಾ?"

"ಸ್ವಲ್ಪ ನೀರು ಕುಡಿಯಿರಿ" ಎಂದೆ.

ಇದನ್ನು ಚರಿತ್ರೆಯಲ್ಲಿ ಬರೆಯುವುದು ಬೇಡ. ಸಮ ಬಂತು ಎಂದಷ್ಟೇ ಬರೆಯಿರಿ. ನಮ್ಮಲ್ಲಿರುವುದು ಇದೊಂದೇ ಫೋಟೋ, ಕೆಲಸ ಮುಗಿದ ಮೇಲೆ ನೀವೇ ತಂದುಕೊಡಿ. ಬರಬೇಡಿ ಎನ್ನುವವರು ಈಗ ಮನೆಯಲ್ಲಿ ಇಲ್ಲ.

ಇಂತು,
ಬಾವಾರ ಮನೆಯವಳು
ಸಫಿಯಮ್ಮ