ನಮ್ಮ ಚಾಳಿನ ಮದ್ರಾಸೀಣ

ವಿಕ್ರೋಳಿ, ಮುಂಬಯಿ
ತಾ. ೧೪ ನವೆಂಬರ್ ೧೯೭೧

ಶ್ರೀಮದ್ ಜಮಖಂಡಿ ಸೀಮೆಯ ಕುಲದೀಪಿಕೆ, ವಿಕ್ರೋಳಿ ಚಾಳಿನ ಎರಡನೇ ಮಾಳಿಗೆಯ ಪಟ್ಟದರಸಿ, ಸದ್ಯ ತವರುವಾಸಿ, ಸಕಲಗುಣಸಂಪನ್ನೆ ಸೌ. ದಾನವ್ವನವರ ದಿವ್ಯ ಸನ್ನಿಧಾನಕ್ಕೆ ಗಂಡ ಗದಿಗೆಪ್ಪನ ಸಾಷ್ಟಾಂಗ ಬಿನ್ನಹ.

ದಾನೀ, ಹೇಗಿದ್ದೀ? ಬೆನ್ನುನೋವು ಇಳಿಯಿತೇ? ಕೂಸು ಹಾಲು ಸರಿಯಾಗಿ ಕುಡಿಯುತ್ತದೆಯೇ? ಮೂಗು ಯಾರದೆಂದು ನಿಮ್ಮಣ್ಣ ಬರೆಯಲೇ ಇಲ್ಲ. ನನ್ನದಾಗಿದ್ದರೂ ಸಂಕೋಚಪಡದೆ ತಿಳಿಸಲು ಹೇಳು.

ನಿನ್ನ ಕಾಗದ ಮುಟ್ಟಿತು. "ಅಲ್ಲಿ ನನ್ನ ಹೆಸರ ಹಿಡದು ಕರಿಯೋರ ಯಾರದಾರ? ಮುಂಜಾನೆದ್ದರ ಮದ್ರಾಸೀಣ, ಮದ್ರಾಸೀಣ! ಆ ಮದ್ರಾಸು ಯಾವ ದಿಕ್ಕಿಗೈತೋ ನನಗ ಗೊತ್ತಿಲ್ಲ. ನಾ ಇಲ್ಲೇ ಇರ್ತೀನಿ" ಎಂದು ಬರೆದಿದ್ದೀ. ಐದನೇ ತಿಂಗಳಿಗೆ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ನಿಮ್ಮ ಪದ್ಧತಿ ತಪ್ಪುವ ಲಕ್ಷಣ ಕಂಡು, ನಾನು ಕೂಡಲೇ ನಳದ ಕಟ್ಟೆಯ ಮೇಲೆ ಮಹಾಸಭೆ ಕರೆದೆ. ಸೋಲಾಪುರದ ಆಚೆಯವರೆಲ್ಲ ಮದ್ರಾಸಿಗಳಲ್ಲ ಎಂದು ಸಾರಿದೆ. ಮಂಗಳೂರು ಕಡೆಯ ಹೋಟೆಲಿನ ಚೆನ್ನಯ ನಮ್ಮನ್ನು 'ಘಟ್ಟದವರು' ಎನ್ನುತ್ತಾನೆ, ಅದಾದರೂ ನಡೆದೀತು. ಪಕ್ಕದ ಖೋಲಿಯ ಸಾತಾರಾದ ರುಕ್ಮಿಣಿಬಾಯಿಯನ್ನು ಯಾರಾದರೂ ಅದೇ ಅರ್ಥದ 'ಘಾಟೀ' ಅಂದರೆ ಕೊಡ ಎತ್ತಿಕೊಂಡು ಹೊಡೆಯಲು ಬರುತ್ತಾಳೆ. ನಿನ್ನನ್ನು ಮಾತ್ರ ಮದ್ರಾಸೀಣ ಅನ್ನಬಹುದೋ? ನಮ್ಮೂರಲ್ಲಿ ಸೊಸೆಯನ್ನು ತವರೂರಿನ ಹೆಸರಿನಿಂದ ಕರೆಯುತ್ತಾರೆ, ಆದ್ದರಿಂದ ಇನ್ನು ಮುಂದೆ ನೀನು 'ಜಮಖಂಡ್ಯಾಕಿ' ಎಂದು ಠರಾವು ಮಾಡಿದೆ. ರುಕ್ಮಿಣಿಬಾಯಿ ಕಣ್ಣರಳಿಸಿ, "ಜಮಖಂಡೀ? ಮಗ್ ತೀ ಆಮಚೀಚ್ ಕೀ!" ಎಂದಳು. ಮರಾಠಿ ರಾಜರು ಆಳಿದ ಊರು, ಹಾಗಾದರೆ ನಮ್ಮವಳೇ ಆದಳಲ್ಲ, ಎಂದು! ದೊಡ್ಡದೊಡ್ಡವರಿಗೆ ಹರಿಯದ ಗಡಿ ತಂಟೆ ನಮ್ಮ ನಳದ ಬುಡದಲ್ಲಿ ಹರಿಯಿತು. ಈಗ ಇಡೀ ಚಾಳು ಜಮಖಂಡ್ಯಾಕಿ ಅನ್ನುತ್ತಿದೆ. ಇನ್ನು ನಿನಗೆ ನೆಪವಿಲ್ಲ.

ನಾನು ಆರಾಮ. ನಂಚಿಕೊಳ್ಳಲು ನೀನು ಕುಟ್ಟಿಟ್ಟುಹೋದ ಶೇಂಗಾ ಹಿಂಡಿ ದಸರೆಗೇ ಮುಗಿಯಿತು. ಡಬ್ಬಿ ಮಾತ್ರ ತೊಳೆದಿಲ್ಲ. ಪಾಳಿಗೆ ಹೊರಡುವ ಮುನ್ನ ಮುಚ್ಚಳ ತೆಗೆದು ಮೂಸಿ, ಬರೀ ಪಾವ್ ಬ್ರೆಡ್ಡು ತಿಂದು ಹೋಗುತ್ತೇನೆ.

ಅತ್ತೆ ಮಾವನವರಿಗೆ ನಮಸ್ಕಾರ. ಕೂಸಿನ ಅಂಗಾಲಿಗೆ ನನ್ನ ಹೆಸರಿನಲ್ಲಿ ಒಂದು ಮುದ್ದು.

ನಿನ್ನ
ಗದಿಗೆಪ್ಪ

ತಾ.ಕ.: ಕಾರಖಾನೆಯ ಭೋಂಗಾ ಕೂಗಿತು, ಅವಸರ. ದಾನೀ, ಸಭೆ ಗಿಭೆ ಏನೂ ಆಗಿಲ್ಲ. ರುಕ್ಮಿಣಿಬಾಯಿ ದಿನಾ ನಳದ ಹತ್ತಿರ ನಿಲ್ಲಿಸಿ, "ಮದ್ರಾಸೀಣ ಕಧೀ ಯೇಣಾರ್?" ಅನ್ನುತ್ತಾಳೆ, ಯಾವಾಗ ಬರುತ್ತಾಳೆಂದು. ತಿದ್ದಬೇಕೆಂದು ಬಾಯಿ ತೆರೆಯುತ್ತೇನೆ, ಆಗುವುದಿಲ್ಲ. ಈ ಚಾಳಿನಲ್ಲಿ ನಿನ್ನ ಸುದ್ದಿ ತೆಗೆಯುವುದು ಅದೊಂದೇ ಹೆಸರು. ಕೇಳಿಸದವನಂತೆ ನಿಂತುಬಿಡುತ್ತೇನೆ, ಇನ್ನೊಮ್ಮೆ ಅನ್ನಲಿ ಎಂದು.